ಟೋಪಿ ಹಾಕಿಕೊಂಡನೋ, ಹಾಕಿದನೋ?

ಇಂಟರ್ನಲ್ಸ್ ಮುಗಿದ ರಾತ್ರಿ. ಹಾಸ್ಟೆಲ್‌ನಲ್ಲಿ ನಿದ್ದೆ ಬಾರದೆ ಮೊಬೈಲ್ ನೋಡುತ್ತಿದ್ದಾಗ ಹಳೆಯ ವಿಡಿಯೊ ಒಂದು ಕಣ್ಣಿಗೆ ಬಿತ್ತು. 2012ರ ಜನವರಿ 5ರಂದು ಅಮೆರಿಕದ ಟಿ.ವಿ.ಯಲ್ಲಿ ನೇರಪ್ರಸಾರವಾದದ್ದು. ಹೈಸ್ಕೂಲ್ ಮುಗಿಸುವ ಹಂತದಲ್ಲಿದ್ದ ಲ್ಯಾಂಡನ್ ಕಾಲಿನ್ಸ್ ಎಂಬ ಹುಡುಗ ಮನೆಯವರ ಜೊತೆ ಕೂತಿದ್ದಾನೆ. ಯಾವ ಕಾಲೇಜಿನ ತಂಡಕ್ಕೆ ಫುಟ್‌ಬಾಲ್ ಆಡುತ್ತೇನೆ ಎಂದು ಇಡೀ ದೇಶದ ಎದುರು ಹೇಳಬೇಕು. ಹುಡುಗ ‘ಅಲಬಾಮಾ’ ಅಂದ. ಪಕ್ಕದಲ್ಲೇ ಇದ್ದ ಅಮ್ಮನ ಮುಖ ಬಾಡಿಹೋಯಿತು. ಚಪ್ಪಾಳೆ ಇಲ್ಲ, ಅಪ್ಪುಗೆ ಇಲ್ಲ. ಮೈಕ್ ಮುಂದೆ ಬಂದಾಗ ಆ ತಾಯಿ ಸ್ವಲ್ಪವೂ ಮುಚ್ಚುಮರೆ ಇಲ್ಲದೆ, ತನ್ನ ಮಗನಿಗೆ ಎಲ್‌ಎಸ್‌ಯು ಕಾಲೇಜೇ ಒಳ್ಳೆಯದಿತ್ತು ಅಂದುಬಿಟ್ಟರು. ಅಷ್ಟಕ್ಕೇ ನಿಲ್ಲದೆ ಎಲ್‌ಎಸ್‌ಯು ತಂಡಕ್ಕೆ ಜೈಕಾರವನ್ನೂ ಹಾಕಿದರು!

ನಾನು ಆ ವಿಡಿಯೊವನ್ನು ಮೂರು ಸಲ ನೋಡಿದೆ. ಮೊದಲ ಸಲ ನಗು ಬಂತು. ಮೂರನೇ ಸಲ ಬರಲಿಲ್ಲ.

ಇದು ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಹೆಲ್ಮೆಟ್ ತೊಟ್ಟು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಕಾಲೇಜು ತಂಡಗಳ ಹುಚ್ಚು ನಮಗೆ ಊಹಿಸುವುದೂ ಕಷ್ಟ. ನಮ್ಮ ಕಾಲೇಜಿನ ವಿಟಿಯು ಪಂದ್ಯ ನೋಡಲು ಕ್ಲಾಸ್ ಬಂಕ್ ಮಾಡಿದವರು ಬಿಟ್ಟರೆ ಬೇರೆ ಯಾರೂ ಬರುವುದಿಲ್ಲ. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು, ಬ್ಯಾಟನ್ ರೂಜ್ ನಗರದಲ್ಲಿ ಕಟ್ಟಿಕೊಂಡಿರುವ ಕ್ರೀಡಾಂಗಣದಲ್ಲಿ 1,02,321 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡು ಪಟ್ಟಿಗೂ ಜಾಸ್ತಿ! ಅಲಬಾಮಾ ವಿಶ್ವವಿದ್ಯಾಲಯದ್ದೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಅಲಬಾಮಾ ರಾಜ್ಯದಲ್ಲಂತೂ ಅಗ್ರ ವೃತ್ತಿಪರ ಫುಟ್‌ಬಾಲ್ ಲೀಗಿನ ತಂಡವೇ ಇಲ್ಲ. ಕಾಲೇಜು ತಂಡವೇ ಜನರ ತಂಡ. ಆ ಕಾಲೇಜಿನ ಮೆಟ್ಟಿಲು ಹತ್ತದವರೂ ಅದರ ಟಿ-ಶರ್ಟ್ ಹಾಕಿಕೊಂಡು ಓಡಾಡುತ್ತಾರೆ.

ಈ ತಂಡಗಳಿಗೆ ಹೊಸ ಆಟಗಾರರು ಬರುವುದು ಹೈಸ್ಕೂಲಿನಿಂದ. ಅವರಿಗೆ ಸಿನಿಮಾಗಳಂತೆ ಸ್ಟಾರ್ ರೇಟಿಂಗ್ ಕೊಡುವ ಸಂಸ್ಥೆಗಳಿವೆ. ಐದು ಸ್ಟಾರ್ ಬಿದ್ದ ಹುಡುಗನ ಮನೆ ಬಾಗಿಲಿಗೆ ದೊಡ್ಡ ದೊಡ್ಡ ಕೋಚ್‌ಗಳೇ ಬರುತ್ತಾರೆ. ಹುಡುಗ ಮೊದಲು ಒಂದು ಕಾಲೇಜಿಗೆ ಬಾಯಿಮಾತು ಕೊಡಬಹುದು. ಆದರೆ ಸಹಿ ಬೀಳುವವರೆಗೆ ಅದಕ್ಕೆ ಬೆಲೆಯಿಲ್ಲ. ಯಾವಾಗ ಬೇಕಾದರೂ ಮನಸ್ಸು ಬದಲಿಸಬಹುದು. ಆಯ್ಕೆ ಪ್ರಕಟಿಸುವ ದಿನ ಒಂದು ಪದ್ಧತಿಯಿದೆ. ಮೇಜಿನ ಮೇಲೆ ಮೂರ್ನಾಲ್ಕು ಕಾಲೇಜುಗಳ ಟೋಪಿ ಇಟ್ಟಿರುತ್ತಾರೆ. ಹುಡುಗ ಒಂದನ್ನು ಎತ್ತಿ ತಲೆಗೆ ಹಾಕಿಕೊಳ್ಳುತ್ತಾನೆ. ಒಂದು ಟೋಪಿಯ ಮೇಲೆ ಕೈಯಾಡಿಸಿ, ಕೊನೇ ಕ್ಷಣದಲ್ಲಿ ಇನ್ನೊಂದನ್ನು ಎತ್ತಿಕೊಳ್ಳುವ ತುಂಟರೂ ಇದ್ದಾರೆ. ನಮ್ಮಲ್ಲಿ ‘ಟೋಪಿ ಹಾಕಿದ’ ಅಂದರೆ ಮೋಸ ಮಾಡಿದ ಎಂದರ್ಥ. ಅಲ್ಲಿ ಹುಡುಗ ಎದುರಾಳಿ ಕಾಲೇಜಿನ ಟೋಪಿ ಹಾಕಿಕೊಂಡರೆ, ಸೋತ ಕಡೆಯ ಅಭಿಮಾನಿಗಳ ಪಾಲಿಗೆ ಅವನು ಟೋಪಿ ಹಾಕಿದಂತೆಯೇ!

ಕಾಲಿನ್ಸ್ ವಿಷಯದಲ್ಲಿ ಗಾಯ ಇನ್ನೂ ಆಳವಾಗಿತ್ತು. ಅವನು ಲೂಸಿಯಾನಾದ ಗೈಸ್ಮರ್ ಎಂಬ ಊರಿನವನು. ಬ್ಯಾಟನ್ ರೂಜ್‌ಗೆ ಹತ್ತಿರ. ಅಂದರೆ ಎಲ್‌ಎಸ್‌ಯು ಅಭಿಮಾನಿಗಳ ಲೆಕ್ಕದಲ್ಲಿ ‘ನಮ್ಮ ಮನೆ ಹುಡುಗ’. ಅವನು ಆರಿಸಿಕೊಂಡದ್ದು ಆಗ ಪ್ರತಿವರ್ಷ ಎದುರಾಗುತ್ತಿದ್ದ ಅಲಬಾಮಾವನ್ನು. 2011ರ ನವೆಂಬರ್‌ನಲ್ಲಿ ಅದೇ ಅಲಬಾಮಾವನ್ನು ಎಲ್‌ಎಸ್‌ಯು 9–6ರಿಂದ ಸೋಲಿಸಿತ್ತು. ಕಾಲಿನ್ಸ್ ಮಾತಾಡಿದ ನಾಲ್ಕೇ ದಿನಕ್ಕೆ ಎರಡೂ ತಂಡಗಳು ರಾಷ್ಟ್ರೀಯ ಫೈನಲ್‌ನಲ್ಲಿ ಮತ್ತೆ ಎದುರಾದವು. ಅಲಬಾಮಾ 21–0ರಿಂದ ಗೆದ್ದಿತು. ಒಂದೇ ವಾರದಲ್ಲಿ ಹುಡುಗನೂ ಹೋದ, ಕಪ್ಪೂ ಹೋಯಿತು.

ಇಂಥ ಹೊತ್ತಲ್ಲಿ ಅಭಿಮಾನಿಗಳ ಮನಸ್ಸು ಎಲ್ಲಿಯಾದರೂ ಒಂದೇ ದಾರಿಯಲ್ಲಿ ಓಡುತ್ತದೆ. ಮೊದಲು ‘ಸುಳ್ಳು, ಅವನು ಹಾಗೆ ಮಾಡಲ್ಲ’. ಆಮೇಲೆ ‘ಸಹಿ ಹಾಕೋಕೆ ಇನ್ನೂ ಟೈಮ್ ಇದೆ, ವಾಪಸ್ ಬರ್ತಾನೆ’. ಬರಲಿಲ್ಲ ಅಂದಮೇಲೆ ನರಿಗೆ ದ್ರಾಕ್ಷಿ ಹುಳಿ: ‘ಅವನೇನು ಅಂಥಾ ಆಟಗಾರನಲ್ಲ ಬಿಡಿ’. ನಿನ್ನೆಯವರೆಗೆ ಐದು ಸ್ಟಾರ್ ಇದ್ದ ಹುಡುಗನಿಗೆ ಇವತ್ತು ಮೂರು ಸ್ಟಾರ್ ಕೊಡುವುದೂ ಕಷ್ಟ. ಕೊನೆಗೆ ‘ದುಡ್ಡು ಕೊಟ್ಟಿರಬೇಕು’. ಇದಿಷ್ಟೂ ತಮಾಷೆಯೇ. ಆದರೆ ಇದೇ ಮಾತು ಆ ಹುಡುಗನ ಮೊಬೈಲಿಗೆ ನೇರವಾಗಿ ಬೈಗುಳವಾಗಿ ಹೋದಾಗ ತಮಾಷೆ ಅಲ್ಲ. ಬೈಯುವವರು ಅಪ್ಪ, ಚಿಕ್ಕಪ್ಪನ ವಯಸ್ಸಿನವರು. ಬೈಸಿಕೊಳ್ಳುವವನಿಗೆ ಹದಿನೇಳೋ ಹದಿನೆಂಟೋ.

ನಮಗೂ ಆಟಗಾರರನ್ನು ಕಳೆದುಕೊಂಡು ಗೊತ್ತು. ಏಳು ಸೀಸನ್ ಆರ್‌ಸಿಬಿಗೆ ಆಡಿದ ಮೊಹಮ್ಮದ್ ಸಿರಾಜ್ ಅವರನ್ನು ಹರಾಜಿನಲ್ಲಿ ಗುಜರಾತ್ ಟೈಟನ್ಸ್ ಕೊಂಡಿತು. 2025ರ ಏಪ್ರಿಲ್ 2ರಂದು ಅವರು ಚಿನ್ನಸ್ವಾಮಿಗೇ ಬಂದು ನಮ್ಮ ಮೂರು ವಿಕೆಟ್ ಕಿತ್ತರು. ಹಾಸ್ಟೆಲ್ ಟಿ.ವಿ. ಮುಂದೆ ಕೂತಿದ್ದ ನಾವೆಲ್ಲ ಹೊಟ್ಟೆ ಉರಿಸಿಕೊಂಡೆವು. ಆದರೂ ಯಾರೂ ಸಿರಾಜ್ ಅವರನ್ನು ಬೈಯಲಿಲ್ಲ. ಬೈದದ್ದು ಅವರನ್ನು ಉಳಿಸಿಕೊಳ್ಳದ ನಮ್ಮ ತಂಡವನ್ನೇ. ಯಾಕೆಂದರೆ ಹರಾಜಿನಲ್ಲಿ ಆಟಗಾರ ಆರಿಸುವುದಿಲ್ಲ, ಅವನನ್ನು ಆರಿಸುತ್ತಾರೆ. ಕಾಲಿನ್ಸ್‌ನಂಥ ಹುಡುಗನಿಗೆ ಆ ರಕ್ಷಣೆ ಇಲ್ಲ. ಅವನೇ ಬಾಯಿಬಿಟ್ಟು ‘ನನಗೆ ನೀವು ಬೇಡ, ಅವರು ಬೇಕು’ ಅನ್ನಬೇಕು. ಅಭಿಮಾನಿಗೆ ಚುಚ್ಚುವುದು ಅದೇ.

ಆದರೆ ಆ ಆಯ್ಕೆ ಬಿಟ್ಟರೆ ಆಗ ಅವನ ಕೈಯಲ್ಲಿ ಇನ್ನೇನಿತ್ತು? 2012ರಲ್ಲಿ ಕಾಲೇಜು ಆಟಗಾರನಿಗೆ ಸಿಗುತ್ತಿದ್ದದ್ದು ಫೀಸು, ಊಟ, ವಸತಿ, ಪುಸ್ತಕ. ಸಂಬಳವಿಲ್ಲ. ತನ್ನ ಹೆಸರಲ್ಲಿ ಜಾಹೀರಾತಿಗೆ ದುಡ್ಡು ತೆಗೆದುಕೊಂಡರೆ ಆಡುವ ಅರ್ಹತೆಯೇ ಹೋಗುತ್ತಿತ್ತು. ಕಾಲೇಜು ಸರಿಹೋಗದೆ ಅಂಥದ್ದೇ ಇನ್ನೊಂದು ದೊಡ್ಡ ತಂಡಕ್ಕೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಬೆಂಚ್ ಕಾಯಬೇಕಿತ್ತು.

ಕೋಚ್‌ಗಳಿಗೆ ಇಂಥ ಯಾವ ಕಟ್ಟೂ ಇರಲಿಲ್ಲ. ಕಾಲಿನ್ಸ್‌ನನ್ನು ಕರೆಸಿಕೊಂಡ ಅಲಬಾಮಾ ಕೋಚ್ ನಿಕ್ ಸೇಬನ್ ಯಾರು ಗೊತ್ತೇ? ಅದಕ್ಕೂ ಮುಂಚೆ ಎಲ್‌ಎಸ್‌ಯುಗೇ ಐದು ವರ್ಷ ಕೋಚ್ ಆಗಿ, 2003ರ ಸೀಸನ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವರು! ಆಮೇಲೆ ವೃತ್ತಿಪರ ತಂಡವೊಂದಕ್ಕೆ ಹೋಗಿ, 2007ರಲ್ಲಿ ಎಂಟು ವರ್ಷಕ್ಕೆ 3.2 ಕೋಟಿ ಡಾಲರ್ ಒಪ್ಪಂದದ ಮೇಲೆ ಅಲಬಾಮಾ ಸೇರಿದರು. ಲೂಸಿಯಾನಾದವರು ಅವರನ್ನೂ ಬೈದರು, ನಿಜ. ಆದರೆ ಅವರು ಐವತ್ತು ದಾಟಿದವರು, ಬೈಗುಳದ ಜೊತೆ ಕೋಟಿಗಳೂ ಬಂದಿದ್ದವು. ಹುಡುಗನಿಗೆ ಬಂದದ್ದು ಬೈಗುಳ ಮಾತ್ರ.

‘ಮನೆ ಬಿಟ್ಟು ಹೋದವನು ದ್ರೋಹಿ’ ಎಂಬುದೇ ನ್ಯಾಯವಾದರೆ ಜೋ ಬರೋ ಕಥೆ ಏನು? ಅವನು ಓಹಾಯೊ ರಾಜ್ಯದಲ್ಲಿ ಬೆಳೆದವನು. ಓಹಾಯೊ ಸ್ಟೇಟ್ ತಂಡದಲ್ಲಿ ಅವಕಾಶ ಸಿಗಲಿಲ್ಲ. ಡಿಗ್ರಿ ಮುಗಿಸಿಕೊಂಡು 2018ರಲ್ಲಿ ಎಲ್‌ಎಸ್‌ಯುಗೆ ಬಂದ. ಡಿಗ್ರಿ ಆಗಿದ್ದರಿಂದ ಬೆಂಚ್ ಕಾಯಬೇಕಾಗಲಿಲ್ಲ. 2019ರಲ್ಲಿ ಅಲಬಾಮಾವನ್ನು ಅವರ ನೆಲದಲ್ಲೇ 46–41ರಿಂದ ಸೋಲಿಸಿದ. ಆ ಸೀಸನ್‌ನಲ್ಲಿ ಎಲ್‌ಎಸ್‌ಯು ಆಡಿದ ಹದಿನೈದೂ ಪಂದ್ಯ ಗೆದ್ದು ರಾಷ್ಟ್ರೀಯ ಪ್ರಶಸ್ತಿ ಎತ್ತಿತು. ಅವನನ್ನು ಲೂಸಿಯಾನಾದವರು ಮನೆಮಗನೆಂದೇ ತಲೆ ಮೇಲೆ ಹೊತ್ತು ಮೆರೆಸಿದರು. ನಮ್ಮನ್ನು ಬಿಟ್ಟು ಹೋದರೆ ದ್ರೋಹಿ, ಬೇರೆಯವರನ್ನು ಬಿಟ್ಟು ನಮ್ಮಲ್ಲಿಗೆ ಬಂದರೆ ಹೀರೊ!

ಈಗ ಕಾಲ ಬದಲಾಗಿದೆ. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ದುಡ್ಡು ದುಡಿಯಬಹುದು. ಕಾಲೇಜು ಬದಲಿಸಿದರೂ ಬೆಂಚ್ ಕಾಯಬೇಕಿಲ್ಲ. 2025ರಿಂದ ಕಾಲೇಜುಗಳೇ ತಮ್ಮ ಆದಾಯದಲ್ಲಿ ನೇರವಾಗಿ ಪಾಲು ಕೊಡಬಹುದು. 2024ರ ಜನವರಿಯಲ್ಲಿ ಬ್ರೈಸ್ ಅಂಡರ್‌ವುಡ್ ಎಂಬ ಹೆಸರಾಂತ ಹುಡುಗ ಎಲ್‌ಎಸ್‌ಯುಗೆ ಬಾಯಿಮಾತು ಕೊಟ್ಟ. ನವೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಳಿದ. ಮಿಷಿಗನ್ ಅವನ ಸ್ವಂತ ರಾಜ್ಯ, ಕಾಲೇಜು ಅವನ ಊರಿಗೆ ಹತ್ತಿರ. ಅಂದು ಕಾಲಿನ್ಸ್ ಮನೆ ಬಿಟ್ಟು ಹೋದ ಎಂದು ಸಿಟ್ಟು. ಇಂದು ಅಂಡರ್‌ವುಡ್ ಮನೆಯಲ್ಲೇ ಉಳಿದ ಎಂದು ಸಿಟ್ಟು. ಈ ಬಾರಿ ಕೋಟಿಗಟ್ಟಲೆ ಹಣದ ಸುದ್ದಿಯೂ ಸೇರಿಕೊಂಡಿತ್ತು. ಇರಲಿ, ಎಂಜಿನಿಯರಿಂಗ್ ಮುಗಿಸಿದ ನಮ್ಮ ಸೀನಿಯರ್‌ಗಳು ಹೆಚ್ಚು ಪ್ಯಾಕೇಜ್ ಕೊಟ್ಟ ಕಂಪನಿ ಸೇರಿದರೆ ನಾವು ಪಾರ್ಟಿ ಕೇಳುತ್ತೇವೆಯೇ ಹೊರತು ದ್ರೋಹಿ ಅನ್ನುವುದಿಲ್ಲವಲ್ಲ.

ಅಂದಹಾಗೆ ಕಾಲಿನ್ಸ್ ಏನಾದ? ಮೊದಲ ವರ್ಷವೇ ಅವನ ತಂಡ ಬ್ಯಾಟನ್ ರೂಜ್‌ಗೆ ಹೋಗಿ ಎಲ್‌ಎಸ್‌ಯುವನ್ನು 21–17ರಿಂದ ಸೋಲಿಸಿತು, ಆ ಸೀಸನ್‌ನ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು. 2015ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅವನನ್ನು ಆರಿಸಿಕೊಂಡಿತು. ಅವನ ಆಯ್ಕೆ ತಪ್ಪಾಗಲಿಲ್ಲ. ಆದರೆ ತಪ್ಪೇ ಆಗಿದ್ದರೂ ಆರಿಸುವ ಹಕ್ಕು ಅವನದೇ ಆಗಿರುತ್ತಿತ್ತು.

ಮೂರನೇ ಸಲ ನನಗೆ ನಗು ಬಾರದೆ ಇದ್ದುದಕ್ಕೆ ಕಾರಣ ನನ್ನ ಅಮ್ಮ. ಸಿಇಟಿ ಆಪ್ಷನ್ ಎಂಟ್ರಿ ವೇಳೆ ದಾವಣಗೆರೆಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಾಲೇಜು ಮೊದಲಿರಲಿ ಎಂದು ಅವಳ ಆಸೆ. ನಾನು ದೂರದ ಊರಿನ ಕಾಲೇಜನ್ನು ಮೇಲೆ ಹಾಕಿದೆ, ಅದೇ ಸಿಕ್ಕಿತು. ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಶೇಂಗಾ ಚಟ್ನಿಪುಡಿ ಕುಟ್ಟಿ, ಡಬ್ಬಿಗೆ ತುಂಬಿ, ಬ್ಯಾಗಿನಲ್ಲಿಟ್ಟಳು. ಅವಳ ಬೇಸರಕ್ಕೆ ಟಿ.ವಿ. ಕ್ಯಾಮೆರಾ ಇರಲಿಲ್ಲ, ನನ್ನ ಪುಣ್ಯ. ಬೇಸರವಾಗುವುದು ತಪ್ಪಲ್ಲ. ಪ್ರೀತಿ ಇದ್ದಲ್ಲಿ ಬೇಸರ ಇದ್ದದ್ದೇ. ಆದರೆ ಬೇಸರ ಪಡುವ ಹಕ್ಕು ಅಮ್ಮನಿಗೂ ಅಭಿಮಾನಿಗೂ ಎಷ್ಟಿದೆಯೋ, ಹೊರಡುವ ಹಕ್ಕು ಹೊರಟವನಿಗೆ ಅಷ್ಟೇ ಇದೆ.

ಕಳೆದ ಸಲ ಊರಿಗೆ ಹೋದಾಗ ಆ ವಿಡಿಯೊ ಅಮ್ಮನಿಗೆ ತೋರಿಸಿದೆ. ಇಂಗ್ಲಿಷ್ ಪೂರ್ತಿ ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ಪಾಪ, ಹೆತ್ತ ಕರುಳು. ಆದ್ರೂ ಎಲ್ರ ಮುಂದೆ ಹಂಗೆ ಅನ್ನಬಾರದಿತ್ತು. ಮನೆಗೆ ಕರ್ಕೊಂಡು ಬಂದು ಬೈಬೇಕಿತ್ತು.”