ಆಹಾರದ ರೋಗಾಣು: ಶೀಘ್ರ ಪರೀಕ್ಷೆಯ ಭರವಸೆ ಮತ್ತು ಮಿತಿ

ಪ್ರಸಾದವು ಮನಸ್ಸಿಗೆ ತೃಪ್ತಿಯನ್ನೂ ದೇಹಕ್ಕೆ ಆರೋಗ್ಯವನ್ನೂ ನೀಡಬೇಕು. ಆದರೆ ಆಹಾರದಲ್ಲಿ ಸೇರಿದ ರೋಗಾಣುವು ಕಣ್ಣಿಗೆ ಕಾಣದು. ವಾಸನೆ, ರುಚಿಗಳಿಂದಲೂ ಅನೇಕ ವೇಳೆ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಕಲುಷಿತ ಆಹಾರದಿಂದ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 60 ಕೋಟಿ ಜನರು ಅಸ್ವಸ್ಥರಾಗುತ್ತಾರೆ. 4,20,000 ಮಂದಿ ಅಸುನೀಗುತ್ತಾರೆ. ಆದ್ದರಿಂದಲೇ ರೋಗಾಣುವನ್ನು ಬೇಗನೆ ಪತ್ತೆಹಚ್ಚುವ ಪರೀಕ್ಷೆಗಳನ್ನು ರೂಪಿಸುವ ಚಿಕ್ಕ ಕಂಪನಿಗಳ ಬಗೆಗೆ ಹೂಡಿಕೆದಾರರಲ್ಲಿ ಆಶಾಭಾವನೆ ಮೂಡುತ್ತದೆ.

ಈ ಆಶಾಭಾವನೆಗೆ ಒಂದು ದುರಂತದ ಹಿನ್ನೆಲೆಯೂ ಇದೆ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಮಾಂಸದ ತಿನಿಸಿನಿಂದ ಇ. ಕೋಲಿ ಓ157 ಹರಡಿ 700ಕ್ಕೂ ಹೆಚ್ಚು ಜನರು ರೋಗಪೀಡಿತರಾದರು. ನಾಲ್ವರು ಮಕ್ಕಳು ತೀರಿಕೊಂಡರು. ಮರುವರ್ಷ ಅಲ್ಲಿನ ಸರ್ಕಾರವು ಈ ರೋಗಾಣುವಿರುವ ಕೊಚ್ಚಿದ ಗೋಮಾಂಸವನ್ನು ಕಲಬೆರಕೆಯೆಂದು ಸಾರಿತು. ಪರೀಕ್ಷೆಗೆ ಬೇಡಿಕೆ ಹೆಚ್ಚಿತು. ಫಲಿತಾಂಶಕ್ಕಾಗಿ ಸರಕನ್ನು ತಡೆದಿಡುವ ಪ್ರತಿ ದಿನವೂ ಉತ್ಪಾದಕರಿಗೆ ಹೊರೆ. ಆ ದಿನಗಳನ್ನು ಉಳಿಸಬಲ್ಲ ಕಂಪನಿಗೆ ಲಾಭವಿದೆಯೆಂಬುದೇ ಹೂಡಿಕೆದಾರರ ಲೆಕ್ಕಾಚಾರ. ಮಿಷಿಗನ್ನಿನ ಲ್ಯಾನ್ಸಿಂಗ್ ನಗರದಲ್ಲಿ ಚಿಕ್ಕದಾಗಿ ಆರಂಭವಾದ ನಿಯೋಜೆನ್ ಕಂಪನಿಯು 2022ರಲ್ಲಿ 3ಎಂ ಸಂಸ್ಥೆಯ ಆಹಾರ ಸುರಕ್ಷತಾ ವಿಭಾಗವನ್ನೇ ತನ್ನೊಳಗೆ ಸೇರಿಸಿಕೊಂಡಿತು. ಆದರೆ ಅನಂತರ ಅದರ ಷೇರಿನ ಬೆಲೆ ಬಹಳ ಕುಸಿಯಿತು. ಪರೀಕ್ಷೆಯು ಉಪಯುಕ್ತವಾದ ಮಾತ್ರಕ್ಕೆ ಲಾಭವು ನಿಶ್ಚಿತವಲ್ಲ.

ಇನ್ನು ಪರೀಕ್ಷೆಯ ಸ್ವರೂಪವನ್ನು ನೋಡೋಣ. ಹಳೆಯ ಪದ್ಧತಿಯಲ್ಲಿ ಆಹಾರದ ಮಾದರಿಯನ್ನು ಪೋಷಕ ದ್ರವದಲ್ಲಿಟ್ಟು, ಸಾಲ್ಮೊನೆಲ್ಲಾದಂತಹ ರೋಗಾಣುವನ್ನು ಬೆಳೆಸಿ ಗುರುತಿಸಲು ಹಲವು ದಿನಗಳು ಬೇಕು. ಹೊಸ ಪರೀಕ್ಷೆಗಳಲ್ಲಿ ಕೆಲವು ಪ್ರತಿಕಾಯಗಳ ನೆರವಿನಿಂದಲೂ ಕೆಲವು ಪಿಸಿಆರ್ ವಿಧಾನದಲ್ಲಿ ಡಿಎನ್‌ಎ ಮೂಲಕವೂ ಅದನ್ನು ಗುರುತಿಸುತ್ತವೆ. ಈ ಕೊನೆಯ ಹಂತಕ್ಕೆ ನಿಮಿಷಗಳೋ ಕೆಲವು ಗಂಟೆಗಳೋ ಸಾಕು. ಆದರೆ ಮಾದರಿಯಲ್ಲಿ ರೋಗಾಣುಗಳು ವಿರಳವಾಗಿದ್ದರೆ ಅವುಗಳನ್ನು ಮೊದಲು ವೃದ್ಧಿಪಡಿಸಲೇಬೇಕು; ಇದಕ್ಕೆ ಸಾಮಾನ್ಯವಾಗಿ 8ರಿಂದ 24 ಗಂಟೆ ಹಿಡಿಯುತ್ತದೆ. ಶೀಘ್ರವೆಂದರೆ ತತ್‌ಕ್ಷಣವೆಂದಲ್ಲ. ಅಲ್ಲದೆ ಒಂದು ಹಿಡಿ ಶುದ್ಧವೆಂದ ಮಾತ್ರಕ್ಕೆ ರಾಶಿಯೆಲ್ಲವೂ ಶುದ್ಧವೆನ್ನಲಾಗದು.

ಮುಂಜಾನೆ ಬೇಯಿಸಿ ಮಧ್ಯಾಹ್ನ ಬಡಿಸುವ ದಾಸೋಹದ ಅಡುಗೆಗೆ ಇಂತಹ ಪರೀಕ್ಷೆ ಮಾಡಿಸಿದರೆ, ಪಂಕ್ತಿ ಎದ್ದ ಮೇಲಷ್ಟೇ ಫಲಿತಾಂಶ ಬಂದೀತು. ಇಲ್ಲಿ ನಮ್ಮನ್ನು ಕಾಯುವುದು ಶಾಖ, ಸಮಯ ಮತ್ತು ಶುಚಿತ್ವ. ಅನ್ನವನ್ನೇ ನೋಡೋಣ. ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜಕಗಳು ಅಕ್ಕಿ ಬೆಂದರೂ ಉಳಿಯಬಲ್ಲವು. ಅನ್ನವು ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗದು.

ಆದ್ದರಿಂದ ಬೆಂದ ಅಡುಗೆಯನ್ನು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿಡಬೇಕು; ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗೆ ಆರಲು ಬಿಡಬಾರದು. ಉಳಿದುದನ್ನು ಅಗಲ ಪಾತ್ರೆಗಳಲ್ಲಿ ತೆಳುವಾಗಿ ಹರಡಿ ಬೇಗನೆ ತಣ್ಣಗಾಗಿಸಿ ಫ್ರಿಜ್‌ನಲ್ಲಿಡಬೇಕು. ವಾಂತಿಭೇದಿಯಿಂದ ಬಳಲುವವರು ಗುಣವಾಗುವವರೆಗೆ ಅಡುಗೆ ಮತ್ತು ಬಡಿಸುವ ಸೇವೆಯಿಂದ ದೂರವಿರಬೇಕು. ಪರೀಕ್ಷೆಗಳು ಬೆಳೆಯಲಿ, ಕಾರ್ಖಾನೆಯ ಆಹಾರವನ್ನು ಅವು ಕಾಯಲಿ. ನಮ್ಮ ಪಂಕ್ತಿಯಲ್ಲಿ ಕುಳಿತವರ ಆರೋಗ್ಯವನ್ನು ಕಾಯುವ ಹೊಣೆಯು ಸೌಟು ಹಿಡಿದ ಕೈಯದೇ ಆಗಿದೆ.