ಬಾಡಿಗೆ ಸರ್ವರ್, ಸ್ವಂತ ಹೊಣೆ

ಜೇಮ್ಸ್ ಟ್ಯಾಂಪ್ಲಿನ್ ಮತ್ತು ಆ್ಯಂಡ್ರೂ ಲೀ ಅಮೆರಿಕದಲ್ಲಿ ಎನ್‌ವಾಲ್ವ್ ಎಂಬ ಪುಟ್ಟ ಕಂಪನಿ ನಡೆಸುತ್ತಿದ್ದರು. ಯಾರದೇ ವೆಬ್‌ಸೈಟಿಗೆ ಚಾಟ್ ಸೌಲಭ್ಯ ಜೋಡಿಸಿಕೊಡುವುದು ಅದರ ಕೆಲಸ. ಆದರೆ ಕೆಲವು ಗ್ರಾಹಕರು ಆ ಚಾಟ್ ಮೂಲಕ ಮಾತು ಕಳಿಸುತ್ತಲೇ ಇರಲಿಲ್ಲ! ಆನ್‌ಲೈನ್ ಆಟದಲ್ಲಿ ಒಬ್ಬನ ನಡೆ ಉಳಿದವರ ಪರದೆಗೂ ಆ ಕ್ಷಣವೇ ತಲುಪಬೇಕಲ್ಲ, ಅದಕ್ಕೆ ಈ ಚಾಟನ್ನೇ ದುಡಿಸಿಕೊಳ್ಳುತ್ತಿದ್ದರು. ಹಾಗಾದರೆ ಜನಕ್ಕೆ ಬೇಕಿರುವುದು ಚಾಟ್ ಅಲ್ಲ, ಅದರ ಹಿಂದಿರುವ ವ್ಯವಸ್ಥೆ ಎಂದು ಇವರಿಗೆ ಹೊಳೆಯಿತು. ಅದನ್ನು ಬೇರ್ಪಡಿಸಿ 2012ರ ಏಪ್ರಿಲ್‌ನಲ್ಲಿ ಫೈರ್‌ಬೇಸ್ ಎಂಬ ಹೆಸರಿನಲ್ಲಿ ಹೊರತಂದರು. 2014ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು.

ಆ ಗ್ರಾಹಕರು ಅಂಥ ಅಡ್ಡದಾರಿ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಮೊಬೈಲಿನಲ್ಲಿ ನಮಗೆ ಕಾಣುವುದು ಆ್ಯಪ್‌ನ ಮುಖ ಮಾತ್ರ. ಲಾಗಿನ್ ಪರಿಶೀಲನೆ, ಮಾಹಿತಿಯ ಸಂಗ್ರಹ, ಲೆಕ್ಕಾಚಾರ ಎಲ್ಲ ದೂರದ ಸರ್ವರ್‌ನಲ್ಲಿ ನಡೆಯುತ್ತದೆ. ಆ ಸರ್ವರ್ ಕೊಳ್ಳಬೇಕು, ಅದರ ತಂತ್ರಾಂಶಕ್ಕೆ ಆಗಾಗ ತೇಪೆ ಹಾಕಬೇಕು, ಬ್ಯಾಕಪ್ ತೆಗೆಯಬೇಕು, ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬಿದರೆ ಯಾರಾದರೂ ಎದ್ದು ನೋಡಬೇಕು. 2006ರಲ್ಲಿ ಅಮೆಜಾನ್ ಮೊದಲು ಸಂಗ್ರಹಣೆಯನ್ನು, ಕೆಲವೇ ತಿಂಗಳಲ್ಲಿ ಕಂಪ್ಯೂಟರನ್ನೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿದಾಗ ಕೊಳ್ಳುವ ಖರ್ಚು ತಪ್ಪಿತು, ನೋಡಿಕೊಳ್ಳುವ ಕೆಲಸ ಉಳಿಯಿತು. ಮ್ಯಾನೇಜ್ಡ್ ಸೇವೆಗಳು ಅದನ್ನೂ ವಹಿಸಿಕೊಂಡವು. ಅಮೆಜಾನ್ 2014ರಲ್ಲಿ ತಂದ ಲ್ಯಾಂಬ್ಡಾದಲ್ಲಿ ನಾವು ಬರೆದ ಕೋಡ್ ಕೊಟ್ಟರೆ ಸಾಕು, ಯಂತ್ರ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಕರೆ ಬಂದಾಗ ಕೋಡ್ ಎಚ್ಚರಗೊಂಡು ಕೆಲಸ ಮುಗಿಸುತ್ತದೆ. ಈಗ ಅದರ ಬಿಲ್ ಮಿಲಿಸೆಕೆಂಡ್ ಲೆಕ್ಕದಲ್ಲಿ ಬರುತ್ತದೆ. ಬಹಳ ಹೊತ್ತು ಯಾರೂ ಕರೆಯದೆ ಇದ್ದ ಕೋಡ್ ಎಚ್ಚರಗೊಳ್ಳಲು ತುಸು ತಡಮಾಡುವುದುಂಟು.

ಇಬ್ಬರು ಮೂವರು ಸೇರಿ ಲಕ್ಷಾಂತರ ಜನ ಬಳಸುವ ಆ್ಯಪ್ ಕಟ್ಟಬಹುದಾದದ್ದು ಇಂಥ ಸೇವೆಗಳಿಂದಲೇ. ಇದನ್ನು ನಾನು ದೊಡ್ಡ ಬಿಡುಗಡೆ ಎಂದೇ ಎಣಿಸುತ್ತೇನೆ. ಆದರೆ ಯಂತ್ರದ ಜೊತೆಗೆ ಹೊಣೆಯೂ ಕೈದಾಟಿತು ಎಂದು ಭಾವಿಸಿದವರು ಪೆಟ್ಟು ತಿನ್ನುತ್ತಾರೆ.

ಈ ಸೇವೆಗಳೆಲ್ಲ ನಮ್ಮೊಂದಿಗೆ ವ್ಯವಹರಿಸುವುದು ಎಪಿಐ ಮೂಲಕ. ಯಾವ ವಿಳಾಸಕ್ಕೆ, ಯಾವ ರೂಪದಲ್ಲಿ ಕೇಳಿದರೆ ಯಾವ ರೂಪದ ಉತ್ತರ ಸಿಗುತ್ತದೆ ಎಂಬ ಕರಾರು ಅದು. ಹಣ ಪಾವತಿಯನ್ನೇ ನೋಡಿ. ನೀವು ಗುಂಡಿ ಒತ್ತಿದಿರಿ, ಆ್ಯಪ್‌ನ ಸರ್ವರ್ ಪಾವತಿ ಸೇವೆಯನ್ನು ಕೇಳಿತು, ಹತ್ತು ಸೆಕೆಂಡಾದರೂ ಉತ್ತರವಿಲ್ಲ. ಕೋರಿಕೆ ಅಲ್ಲಿಗೆ ತಲುಪದೆಯೇ ಹೋಗಿರಬಹುದು. ತಲುಪಿ ಹಣ ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಅಥವಾ ಕೆಲಸ ಇನ್ನೂ ನಡೆಯುತ್ತಿರಬಹುದು. ಕೇಳಿದವನಿಗೆ ಮೂರೂ ಒಂದೇ ರೀತಿ ಕಾಣುತ್ತವೆ, ಎಷ್ಟೇ ಜಾಣನಾದರೂ ಅವನು ಇದನ್ನು ಕೂತಲ್ಲೇ ಪತ್ತೆಹಚ್ಚಲಾರ. ಮತ್ತೆ ಕೇಳಿದರೆ ಎರಡು ಸಲ ಹಣ ಹೋಗಬಹುದು, ಸುಮ್ಮನಿದ್ದರೆ ಪಾವತಿಯೇ ಆಗದಿರಬಹುದು. ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ. ಮೊದಲ ಕೋರಿಕೆಯ ಜೊತೆಗೇ ಮತ್ತೆಲ್ಲೂ ಬಳಸದ ಒಂದು ಗುರುತಿನ ಸಂಖ್ಯೆ ಕಳಿಸುವುದು, ಮತ್ತೆ ಕೇಳುವಾಗಲೂ ಅದೇ ಸಂಖ್ಯೆಯಲ್ಲಿ ಕೇಳುವುದು. ಪಾವತಿ ಸೇವೆ ಆ ಸಂಖ್ಯೆಯನ್ನು ಮೊದಲೇ ಕಂಡಿದ್ದರೆ ಹೊಸದಾಗಿ ಹಣ ಕಡಿಯದೆ ಹಳೆಯ ಫಲಿತಾಂಶವನ್ನೇ ಹೇಳುತ್ತದೆ. ಇದನ್ನು ಐಡೆಂಪೊಟೆನ್ಸಿ ಕೀ ಎನ್ನುತ್ತಾರೆ. ಸೌಲಭ್ಯ ಸೇವೆಯಲ್ಲಿದೆ, ನಿಜ. ಆದರೆ ಆ ಸಂಖ್ಯೆಯನ್ನು ಕಳಿಸಬೇಕಾದವನು ಆ್ಯಪ್ ಬರೆದವನು.

ಫೈರ್‌ಬೇಸ್‌ನಂಥ ಸೇವೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಜಾಗವೊಂದಿದೆ. ಅಲ್ಲಿ ಬಳಕೆದಾರನ ಫೋನು ಡೇಟಾಬೇಸ್ ಜೊತೆ ನೇರವಾಗಿ ಮಾತಾಡುತ್ತದೆ, ನಡುವೆ ನಮ್ಮ ಸರ್ವರ್ ಇರುವುದಿಲ್ಲ. ಯಾರು ಏನನ್ನು ಓದಬಹುದು, ಬರೆಯಬಹುದು ಎಂದು ಹೇಳುವ ಒಂದಷ್ಟು ಸಾಲು ನಿಯಮಗಳೇ ಕಾವಲು. ಕಲಿಯುವವರ ಅನುಕೂಲಕ್ಕೆಂದು ಟೆಸ್ಟ್ ಮೋಡ್ ಇದೆ, ಅದರಲ್ಲಿ ಸುಮಾರು ಒಂದು ತಿಂಗಳು ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು. ಅವಧಿ ಮುಗಿದೊಡನೆ ಆ್ಯಪ್ ನಿಲ್ಲುತ್ತದೆ. ಆಗ ಅವಸರದಲ್ಲಿ ‘ಎಲ್ಲರಿಗೂ ಸದಾ ಅನುಮತಿ’ ಎಂಬ ಒಂದು ಸಾಲು ಬರೆದುಬಿಟ್ಟರೆ ಆ್ಯಪ್ ಮತ್ತೆ ಓಡುತ್ತದೆ, ಜೊತೆಗೆ ಎಲ್ಲರ ಫೋನ್ ನಂಬರು, ವಿಳಾಸ, ಫೋಟೋಗಳು ಬೀದಿಗೆ ಬಂದಂತಾಗುತ್ತದೆ. ಬೇಕಿದ್ದದ್ದು ಇನ್ನೊಂದೇ ಷರತ್ತು: ಕೇಳುತ್ತಿರುವವನ ಗುರುತೂ ಕಡತದ ಒಡೆಯನ ಗುರುತೂ ಒಂದೇ ಆಗಿರಬೇಕು. ಅದನ್ನು ಬರೆಯದೆ ಬಿಡುವುದು ಅನ್ಯರ ಬದುಕಿನ ಬಗ್ಗೆ ತೋರುವ ಅಸಡ್ಡೆ. ಅದಕ್ಕೆ ಗಡುವಿನ ನೆಪ ಸಲ್ಲದು.

ಸರ್ವರ್ ಎಷ್ಟು ದೂರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಂಟರ್ನೆಟ್ ಕೇಬಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್ ಸಾಗುತ್ತದೆ. ಬೆಂಗಳೂರಿನಿಂದ, ಅಮೆಜಾನ್ ಸರ್ವರ್‌ಗಳಿರುವ ಅಮೆರಿಕದ ವರ್ಜೀನಿಯಾಕ್ಕೆ 13 ಸಾವಿರ ಕಿಲೊಮೀಟರಿಗೂ ಹೆಚ್ಚು. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕು, ಕೇಬಲ್‌ನ ಸುತ್ತುದಾರಿಯಲ್ಲಿ ಇನ್ನೂ ಹೆಚ್ಚು. ಮುಂಬೈಗಾದರೆ ನೇರ ದಾರಿಯಲ್ಲಿ ಹತ್ತಕ್ಕಿಂತ ಕಡಿಮೆ. ಒಂದು ಪುಟ ತೆರೆಯಲು ಒಂದರ ಹಿಂದೊಂದು ಹತ್ತು ಕರೆ ಹೋಗುವ ಆ್ಯಪ್‌ನಲ್ಲಿ ಇದು ಕಣ್ಣಿಗೆ ಹೊಡೆಯುವ ವ್ಯತ್ಯಾಸ. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈಗೆ ತಮ್ಮ ಕೇಂದ್ರ ತಂದದ್ದು ಇಲ್ಲಿನ ಆ್ಯಪ್‌ಗಳಿಗೆ ಅನುಕೂಲವಾಯಿತು. ಆದರೆ ಫೈರ್‌ಬೇಸ್‌ನ ಫೈರ್‌ಸ್ಟೋರ್ ಎಂಬ ಡೇಟಾಬೇಸ್ ಸೇವೆಯಲ್ಲಿ ಒಮ್ಮೆ ಊರು ಆರಿಸಿದರೆ ಆಮೇಲೆ ಬದಲಿಸಲು ಬರುವುದಿಲ್ಲ.

ಇನ್ನು ಸೇವೆಯೇ ನಿಂತರೆ? 2017ರ ಫೆಬ್ರವರಿ 28ರಂದು ಅಮೆಜಾನ್ ಸಿಬ್ಬಂದಿಯೊಬ್ಬರು ಕೊಟ್ಟ ಆದೇಶದಲ್ಲಿ ಒಂದು ಅಂಶ ತಪ್ಪಿ, ಬೇಕಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಕಳಚಿಕೊಂಡವು. ವರ್ಜೀನಿಯಾದ ಸಂಗ್ರಹ ಸೇವೆ ಸುಮಾರು ನಾಲ್ಕು ಗಂಟೆ ಕುಂಟಿತು. ಯಾವ ಸೇವೆ ಕೆಟ್ಟಿದೆ ಎಂದು ತಿಳಿಸಬೇಕಿದ್ದ ಅಮೆಜಾನ್‌ನ ಫಲಕವೂ ಅದೇ ಸಂಗ್ರಹವನ್ನು ನೆಚ್ಚಿಕೊಂಡಿದ್ದರಿಂದ ಅದನ್ನೂ ತಕ್ಷಣ ತಿದ್ದಲಾಗಲಿಲ್ಲ.

ಅದು ಗಂಟೆಗಳ ತೊಂದರೆ. ಪಾರ್ಸ್ ಬಳಸಿದವರದು ಬೇರೆಯೇ ಕಥೆ. ಫೈರ್‌ಬೇಸ್‌ನ ಸಮಕಾಲೀನ ಸೇವೆ ಅದು, 2013ರಲ್ಲಿ ಫೇಸ್‌ಬುಕ್ ಕೊಂಡಿತ್ತು. 2016ರ ಜನವರಿಯಲ್ಲಿ, ಇನ್ನೊಂದು ವರ್ಷಕ್ಕೆ ಮುಚ್ಚುತ್ತೇವೆಂದು ಪ್ರಕಟಣೆ ಬಂತು. ಮಾಹಿತಿ ಸಾಗಿಸಲು ಸಾಧನ ಕೊಟ್ಟರು, ಒಳಗಿನ ಕೆಲಸಗಳನ್ನು ನಡೆಸಬಲ್ಲ ಪಾರ್ಸ್ ಸರ್ವರ್ ಎಂಬ ತಂತ್ರಾಂಶವನ್ನು ಮುಕ್ತವಾಗಿ ಬಿಟ್ಟರು. ಮುಚ್ಚುವವರು ಹಾಗೆ ನಡೆದುಕೊಂಡದ್ದು ಮೆಚ್ಚತಕ್ಕದ್ದು. ಆದರೂ ಜನರ ಫೋನುಗಳಲ್ಲಿ ಕೂತಿದ್ದ ಹಳೆಯ ಆ್ಯಪ್‌ಗಳು ಪಾರ್ಸ್‌ನ ವಿಳಾಸವನ್ನೇ ಕೇಳುತ್ತಿದ್ದವು. ಡೇಟಾಬೇಸನ್ನು ಬೇರೆಡೆಗೆ ಸಾಗಿಸಿದರೂ, ಬಳಕೆದಾರ ಅಪ್‌ಡೇಟ್ ಮಾಡಿಕೊಳ್ಳದ ಹೊರತು ಅವು ದಾರಿಗೆ ಬರುವಂತಿರಲಿಲ್ಲ. ಕೋಡಿನಲ್ಲಿ ಸೇವೆಯ ವಿಳಾಸದ ಬದಲು ನಮ್ಮದೇ ಡೊಮೈನ್ ಹಾಕಿ, ಅದನ್ನು ಸೇವೆಯತ್ತ ತಿರುಗಿಸಿಡುವ ಪದ್ಧತಿ ಇರುವುದು ಇಂಥ ದಿನಕ್ಕಾಗಿ. ಪಾರ್ಸ್ 2017ರ ಜನವರಿ 30ರಂದು ಮುಚ್ಚಿತು. ಪಾರ್ಸ್ ಸರ್ವರ್ ಮಾತ್ರ ಮುಕ್ತ ತಂತ್ರಾಂಶದ ಸಮುದಾಯದ ಕೈಯಲ್ಲಿ ಆಮೇಲೂ ಬೆಳೆಯಿತು. ಅದನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮದೇ ಯಂತ್ರದಲ್ಲಿ ಓಡಿಸಬಹುದು, ಬ್ಯಾಕಪ್ ತೆಗೆಯುವ ಕೆಲಸ ಮಾತ್ರ ಮತ್ತೆ ಅವರದೇ.