ಮುಂಜಾವಿನ ನಾತ, ಮಧ್ಯಾಹ್ನದ ತಪಾಸಣೆ

ಹಾಸನವಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣವಿರಲಿ, ಪೇಟೆಯ ಕಸ ಊರಾಚೆ ಹೋಗುತ್ತದೆ. ಆ ಊರಾಚೆ ಎಂಬುದು ಇನ್ನೊಂದು ಊರಿನ ಮಗ್ಗುಲೇ ಆಗಿರುತ್ತದೆ. ಅಲ್ಲಿನವರು ಗಬ್ಬುನಾತವೆಂದು ದೂರು ಕೊಟ್ಟರೆ, ಕಸದ ಯಾರ್ಡ್ ತಪಾಸಣೆಗೆ ಜೀಪು ಬರುವುದು ಸಾಮಾನ್ಯವಾಗಿ ಕಚೇರಿ ವೇಳೆಯಲ್ಲಿ, ಬಿಸಿಲೇರಿದ ಮೇಲೆ. ಬಂದವರು ಮೂಗೆಳೆದು ನೋಡಿ, ‘ಅಂಥದ್ದೇನೂ ಇಲ್ವಲ್ರೀ’ ಎನ್ನುತ್ತಾರೆ. ‘ಬೆಳಗಿನ ಜಾವ ಬಂದ್ ನೋಡಿ ಸ್ವಾಮಿ’ ಎಂಬುದು ಊರವರ ಉತ್ತರ. ಇಬ್ಬರ ಮಾತೂ ನಿಜವೇ. ನಾತವನ್ನು ಅಳೆಯುವ ಶಾಸ್ತ್ರವೊಂದಿದೆ. ಅದರ ಮುಂದೆ ಈ ಜಗಳಕ್ಕೆ ಜಾಗವಿಲ್ಲ.

ಕಸದ ರಾಶಿಯೊಳಗೆ ಗಾಳಿ ಸಿಗದೆ ಕೊಳೆಯುವ ಹಸಿ ಕಸದಿಂದ ಹುಟ್ಟುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್, ಉಳಿದರ್ಧ ಇಂಗಾಲದ ಡೈಆಕ್ಸೈಡ್. ಎರಡಕ್ಕೂ ವಾಸನೆಯೇ ಇಲ್ಲ. ಮೂಗು ಮುಚ್ಚುವಂತೆ ಮಾಡುವುದು ಶೇ 1ರಷ್ಟೂ ಇಲ್ಲದ ಮಿಕ್ಕ ಪದಾರ್ಥಗಳು: ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಮರ್ಕ್ಯಾಪ್ಟನ್‌ಗಳು, ಅಮೋನಿಯಾ, ಹುಳಿ ನಾತದ ಕೊಬ್ಬಿನಾಮ್ಲಗಳು. ಗಾಳಿಯ ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗ ಹೈಡ್ರೋಜನ್ ಸಲ್ಫೈಡ್ ಇದ್ದರೂ ಮೂಗು ಹಿಡಿದುಬಿಡುತ್ತದೆ. ಮನೆ ಕೆಡವಿದಾಗ ಬರುವ ಪಿಒಪಿ ಸೀಲಿಂಗಿನ ಚೂರುಗಳನ್ನು ಹಸಿ ಕಸದ ಜೊತೆ ಸುರಿದರೆ ಈ ಅನಿಲ ಇನ್ನೂ ಜಾಸ್ತಿ. ಅದರ ಜಿಪ್ಸಮ್ಮಿನಲ್ಲಿರುವ ಸಲ್ಫೇಟನ್ನು ಬ್ಯಾಕ್ಟೀರಿಯಾಗಳು ಈ ಅನಿಲವಾಗಿ ಬದಲಿಸುತ್ತವೆ.

ಇಷ್ಟೊಂದು ಪದಾರ್ಥಗಳ ಮಿಶ್ರಣವನ್ನು ಒಂದೇ ಸಂಖ್ಯೆಗೆ ಇಳಿಸುವ ಯಂತ್ರ ಇನ್ನೂ ಮೂಗೇ. ಯುರೋಪಿನ ಇಎನ್ 13725 ಮಾನದಂಡದ ಪ್ರಕಾರ, ಚೀಲದಲ್ಲಿ ಹಿಡಿದು ತಂದ ಗಾಳಿಯನ್ನು ಶುದ್ಧ ಗಾಳಿಯೊಂದಿಗೆ ಬೆರೆಸುತ್ತ, ಆಯ್ದ ಕೆಲವರಿಗೆ ಮೂಸಲು ಕೊಡುತ್ತಾರೆ. ಅರ್ಧದಷ್ಟು ಜನರಿಗಷ್ಟೇ ವಾಸನೆ ತಿಳಿಯುವ ಹಂತವೇ ಘನ ಮೀಟರ್ ಗಾಳಿಗೆ 1 ಓಡರ್ ಯೂನಿಟ್. ಅಲ್ಲಿಗೆ ತರಲು ಸಾವಿರ ಪಟ್ಟು ತೆಳುವಾಗಿಸಬೇಕಾಯಿತೆಂದರೆ ಮೂಲ ಗಾಳಿಯಲ್ಲಿ 1000 ಯೂನಿಟ್ ಇತ್ತೆಂದು ಲೆಕ್ಕ. ಮೂಸುವವರನ್ನು ಬ್ಯುಟನಾಲ್ ಎಂಬ ರಾಸಾಯನಿಕದಿಂದ ಪರೀಕ್ಷಿಸಿ ಆರಿಸುತ್ತಾರೆ. ತೀರಾ ಚುರುಕು ಮೂಗಿನವರೂ ಬೇಡ, ಮಂದ ಮೂಗಿನವರೂ ಬೇಡ. ಪರೀಕ್ಷೆಗೆ ಅರ್ಧ ಗಂಟೆ ಮುಂಚಿನಿಂದ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು, ಸೆಂಟು ಹಾಕಿಕೊಂಡಿರಬಾರದು. ಎಲೆ-ಅಡಿಕೆ-ಹೊಗೆಸೊಪ್ಪಿನವರಿಗೂ ಮಲ್ಲಿಗೆ ಮುಡಿದವರಿಗೂ ಅಲ್ಲಿ ಜಾಗವಿಲ್ಲ ಎಂದಾಯಿತು.

ರಾಶಿಯ ಮೇಲೆ ಗೂಡಿನಂಥ ಪೆಟ್ಟಿಗೆ ಬೋರಲು ಹಾಕಿ, ಒಂದು ಚದರ ಮೀಟರ್‌ನಿಂದ ಸೆಕೆಂಡಿಗೆ ಎಷ್ಟು ಯೂನಿಟ್ ಏಳುತ್ತದೆಂದು ತಿಳಿದು, ಅದನ್ನು ಒಟ್ಟು ವಿಸ್ತೀರ್ಣಕ್ಕೆ ಗುಣಿಸಿದರೆ ಮೂಲದ ಅಂದಾಜು ಸಿಗುತ್ತದೆ. ಲೆಕ್ಕಕ್ಕೆಂದು ಚದರ ಮೀಟರ್‌ಗೆ 5 ಯೂನಿಟ್, ಮಣ್ಣು ಮುಚ್ಚದ ಜಾಗ 1000 ಚದರ ಮೀಟರ್ ಎಂದುಕೊಳ್ಳೋಣ. ಸೆಕೆಂಡಿಗೆ 5000 ಯೂನಿಟ್ ಆಯಿತು. ಅರ್ಧ ಕಿಲೋಮೀಟರ್ ಆಚೆಯ ಊರಿಗೆ ಅದು ಎಷ್ಟು ತಲುಪುತ್ತದೆ ಎಂಬುದು ಗಾಳಿಯ ಕೈಯಲ್ಲಿದೆ. ಮಧ್ಯಾಹ್ನ ಕಾದ ನೆಲದಿಂದ ಗಾಳಿ ಮೇಲೇಳುತ್ತದೆ, ನಾತ ಆಕಾಶಕ್ಕೆ ಹರಡಿಹೋಗುತ್ತದೆ. ಗಾಳಿ ಸೆಕೆಂಡಿಗೆ 3 ಮೀಟರ್ ಬೀಸುತ್ತಿದ್ದರೆ ಪ್ರಸರಣದ ಸಾಮಾನ್ಯ ಸೂತ್ರದಲ್ಲಿ ಸಿಗುವ ಉತ್ತರ 0.1 ಯೂನಿಟ್‌ನ ಆಸುಪಾಸು. ಯಾರ ಮೂಗಿಗೂ ಸಿಕ್ಕದು. ಚಳಿಗಾಲದ ಮುಂಜಾವಿನಲ್ಲಿ ಹಾಗಲ್ಲ. ನೆಲ ತಣ್ಣಗಾಗಿ, ತಂಪು ಗಾಳಿ ಕೆಳಗೆ ಕೂತು, ಬಿಸಿ ಪದರ ಮೇಲೆ ಮುಚ್ಚಳ ಹಾಕಿದಂತೆ ನಿಂತಿರುತ್ತದೆ. ಗಾಳಿ ಸೆಕೆಂಡಿಗೆ 1 ಮೀಟರ್‌ಗೆ ಇಳಿದರೆ ಅದೇ ರಾಶಿ, ಅದೇ ದೂರದಲ್ಲಿ 10 ಯೂನಿಟ್. ನೂರು ಪಟ್ಟಿನಷ್ಟು ವ್ಯತ್ಯಾಸ. ಜೀಪಿನವರಿಗೆ ಬಾರದ ವಾಸನೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವರಿಗೆ ಬರುವುದು ಹೀಗೆ. ಹೊಳೆನರಸೀಪುರದಂಥ ಹೊಳೆದಂಡೆಯ ಊರಲ್ಲಿ ಇನ್ನೂ ಒಂದು ತೊಡಕು: ರಾತ್ರಿಯ ತಣ್ಣನೆ ಗಾಳಿ ಇಳಿಜಾರು ಹಿಡಿದು ಹೇಮಾವತಿಯತ್ತ ಜಾರುತ್ತದೆ, ನಾತವೂ ಅದರ ಹಿಂದೆಯೇ.

ಕಸ ಎಷ್ಟು ಕಾಲ ಕೊಳೆಯುತ್ತದೆ ಎಂಬ ಅಂದಾಜಿಗೆ ಮಳೆ ಬೇಕು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಕೋಷ್ಟಕದಲ್ಲಿ ಉಷ್ಣವಲಯಕ್ಕೆ ಗೆರೆ ಎಳೆದಿರುವುದು ವರ್ಷಕ್ಕೆ 1000 ಮಿಲಿಮೀಟರ್ ಮಳೆಯಲ್ಲಿ. ಅದಕ್ಕಿಂತ ಮೇಲಿದ್ದರೆ ಆಹಾರದ ಕಸ ಅರ್ಧಕ್ಕಿಳಿಯಲು ಎರಡು ವರ್ಷವೂ ಬೇಡ. ಕೆಳಗಿದ್ದರೆ ಎಂಟು ವರ್ಷ. ಸಕಲೇಶಪುರ ಆ ಗೆರೆಯ ಆಚೆ, ತೆಂಗಿನ ತೋಟಗಳ ಚನ್ನರಾಯಪಟ್ಟಣ ಈಚೆ. ಒಂದೇ ಜಿಲ್ಲೆಯಾದರೂ ಪಶ್ಚಿಮದ ರಾಶಿ ಬೇಗ, ಜೋರಾಗಿ ನಾರಿ ಮುಗಿಸುತ್ತದೆ. ಪೂರ್ವದ್ದು ನಿಧಾನಕ್ಕೆ ಎಳೆಯುತ್ತದೆ. ಜಿಲ್ಲೆಗೆಲ್ಲ ಒಂದೇ ವರದಿ ಬರೆಯುವ ಕನ್ಸಲ್ಟೆಂಟುಗಳು ಇದನ್ನು ನೋಡಬೇಕು.

ನಿಯಮ ಏನನ್ನುತ್ತದೆ? 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಭೂಭರ್ತಿಗೂ ಜನವಸತಿಗೂ ನಡುವೆ 200 ಮೀಟರ್ ಕೇಳಿದವು, ನದಿಗೆ 100 ಮೀಟರ್. ಮೇಲಿನ ಲೆಕ್ಕದಲ್ಲಿ ನಾತ ಅದಕ್ಕೂ ಆಚೆ, ಅರ್ಧ ಕಿಲೋಮೀಟರಿಗೂ ಮುಟ್ಟಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಲ್ಲೇ ದುರ್ವಾಸನೆಯ ಬಗ್ಗೆ ಮಾರ್ಗಸೂಚಿ ತಂದಿದೆ. ಆದರೂ ನಮ್ಮಲ್ಲಿ ನಾತದ ವಾದ ಬೀದಿಯಲ್ಲೇ ತೀರ್ಮಾನವಾಗುತ್ತ ಬಂದಿದೆ. ಬೆಂಗಳೂರಿನ ಕಸಕ್ಕೆ ಮಾವಳ್ಳಿಪುರದ ಬಾಗಿಲು 2012ರಲ್ಲಿ ಮುಚ್ಚಿತು. ಮಂಡೂರಿನ ಜನ 2014ರಲ್ಲಿ ಲಾರಿಗಳನ್ನು ತಡೆದು ನಿಂತ ಮೇಲೆ, ವರ್ಷದ ಕೊನೆಗೆ ಅಲ್ಲಿಯೂ ಸುರಿಯುವುದು ನಿಂತಿತು. ಮಂಗಳೂರಿನ ಪಚ್ಚನಾಡಿಯ ರಾಶಿ 2019ರ ಆಗಸ್ಟ್ ಮಳೆಗೆ ಪಕ್ಕದ ಊರು ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆ ಜಾರಿ ಬಂತು. ಜನ ರಸ್ತೆಗಿಳಿದದ್ದು ತಪ್ಪೆಂದು ನಾನು ಹೇಳಲಾರೆ. ಕೈಯಲ್ಲಿ ಒಂದು ಅಂಕಿಯಿದ್ದಿದ್ದರೆ ಅಷ್ಟು ವರ್ಷ ಕಾಯಬೇಕಿರಲಿಲ್ಲವೇನೋ.

ಅಂಕಿಗೆ ದುಬಾರಿ ಪ್ರಯೋಗಾಲಯವೇ ಬೇಕೆಂದಿಲ್ಲ. ಜರ್ಮನಿಯಲ್ಲಿ ತರಬೇತಾದವರು ನಿಗದಿತ ಜಾಗದಲ್ಲಿ ಹತ್ತು ನಿಮಿಷ ನಿಂತು, ಹತ್ತು ಸೆಕೆಂಡಿಗೊಮ್ಮೆ ವಾಸನೆ ಇದೆಯೇ ಇಲ್ಲವೇ ಎಂದು ಗುರುತು ಹಾಕುತ್ತಾರೆ. ಹತ್ತರಲ್ಲಿ ಒಂದು ಪಾಲು ‘ಇದೆ’ ಎಂದಾದರೆ ಅದು ನಾತದ ಗಂಟೆ. ವಸತಿ ಪ್ರದೇಶದಲ್ಲಿ ಅಂಥ ಗಂಟೆಗಳು ವರ್ಷದಲ್ಲಿ ಶೇ 10 ದಾಟುವಂತಿಲ್ಲ. ಬೆಲ್ಜಿಯಮ್ಮಿನಲ್ಲಿ ಗಾಳಿ ಹೋಗುವ ದಿಕ್ಕಿಗೆ ನಡೆದು, ವಾಸನೆ ಎಲ್ಲಿ ಮುಗಿಯುತ್ತದೆಂದು ಗುರುತಿಸಿ, ಆ ದೂರದಿಂದ ಹಿಮ್ಮುಖವಾಗಿ ಮೂಲದ ಪ್ರಮಾಣ ಲೆಕ್ಕ ಹಾಕುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಸಿದ್ಧ ವ್ಯವಸ್ಥೆಯೇ ಇದೆ. ಹಾಲಿನ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ನಿಗದಿತ ಹೊತ್ತಿಗೆ ಜನ ಸೇರುತ್ತಾರೆ, ಪುಸ್ತಕ ತೆರೆದಿರುತ್ತದೆ. ಲೀಟರು, ಫ್ಯಾಟಿನ ಪಕ್ಕ ಇನ್ನೊಂದು ಕಲಂ: ನಾತ ಎಷ್ಟು, ಗಾಳಿ ಯಾವ ಕಡೆಯಿಂದ. ಸೊನ್ನೆಯಿಂದ ಆರರವರೆಗೆ ಅಂಕ. ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ; ಚಳಿಗಾಲದಲ್ಲಿ ಪೂರ್ವದಿಂದ. ಯಾರ್ಡಿನ ಎರಡೂ ಬದಿಯ ಡೇರಿಗಳಲ್ಲಿ ಒಂದು ವರ್ಷ ಬರೆದಿಟ್ಟರೆ, ಯಾರು ಉತ್ಪ್ರೇಕ್ಷೆ ಮಾಡಿದರು ಎಂಬುದೂ ಗಾಳಿಯ ದಿಕ್ಕಿನಿಂದಲೇ ಗೊತ್ತಾಗುತ್ತದೆ.

ಇಂಗ್ಲೆಂಡಿನ ಮಾರ್ಗಸೂಚಿಯಲ್ಲಿ ಕೊಳೆಯುವ ಕಸದಂಥ ಕೆಟ್ಟ ವಾಸನೆಗೆ ಮಿತಿ 1.5 ಯೂನಿಟ್. ವರ್ಷದ ಗಂಟೆಗಳಲ್ಲಿ ಶೇ 2ರಷ್ಟು, ಅಂದರೆ ಸುಮಾರು 175 ಗಂಟೆ ಮಾತ್ರ ಅದನ್ನು ಮೀರಬಹುದು. ಚಳಿಗಾಲದ ಮೂರು ತಿಂಗಳು ಬೆಳಿಗ್ಗೆ ಎರಡೆರಡು ಗಂಟೆ ನಾತ ಬಂದರೆ 180 ಗಂಟೆ ಆಗಿಯೇ ಹೋಯಿತು, ಉಳಿದ ಹೊತ್ತೆಲ್ಲ ಹಸನಾಗಿದ್ದರೂ. ದಿನದ ಕೊನೆಗೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಮುಚ್ಚಬೇಕೆಂಬ ಹಳೆಯ ನಿಯಮವನ್ನು ಪಾಲಿಸಿ, ತೆರೆದ ಜಾಗವನ್ನು 1000ದಿಂದ 200 ಚದರ ಮೀಟರ್‌ಗೆ ಇಳಿಸಿದರೆ, ಮುಚ್ಚಿದ ಕಡೆಯಿಂದ ಏನೂ ಸೋರದಿದ್ದರೆ, ನಮ್ಮ ಉದಾಹರಣೆಯ 10 ಯೂನಿಟ್ 2ಕ್ಕೆ ಬರುತ್ತದೆ. ಆಗಲೂ ಮಿತಿಗಿಂತ ಮೇಲೆಯೇ. ಮಿಕ್ಕದ್ದನ್ನು ಇಳಿಸುವ ಕೆಲಸ ಯಾರ್ಡಿನಲ್ಲಿ ಆಗುವಂಥದ್ದಲ್ಲ. ಹಸಿ ಕಸ ಬೇರೆ ಬಕೆಟ್ಟಿಗೆ ಬೀಳಬೇಕಾದ ಪೇಟೆಯ ಅಡುಗೆಮನೆಗಳಲ್ಲಿ ಆಗಬೇಕು.